ತಂಬೂರಿ ಮೊದಲು ನಿಲ್ಲುವುದಿಲ್ಲ

ಮಂಡಿ ಮೊಹಲ್ಲಾ, ಹೊರಡುವ ಮುನ್ನ

ಹಾಲೆಂಡಿಗೆ ಹೋಗಿಬಂದವರು ಟ್ಯೂಲಿಪ್ ಹೂವಿನ ಬಗ್ಗೆ, ಗಾಳಿಗಿರಣಿಯ ಬಗ್ಗೆ ಬರೆಯುತ್ತಾರೆ. ನಾವು ಹೋದದ್ದು ನವೆಂಬರಿನಲ್ಲಿ. ಅದು ಹೂವಿನ ಕಾಲವಲ್ಲ. ರೈಲಿನ ಕಿಟಕಿಯಿಂದ ಒಂದು ಗಾಳಿಗಿರಣಿ ಕಂಡಿತು, ಅದು ತಿರುಗುತ್ತಿರಲಿಲ್ಲ. ಆ ವಾರದಲ್ಲಿ ನಾನು ಹೆಚ್ಚಾಗಿ ನೋಡಿದ್ದು ಒಬ್ಬ ಮನುಷ್ಯ ಕಣ್ಣು ಮುಚ್ಚಿಕೊಂಡು ತಂಬೂರಿ ಮೀಟುವುದನ್ನು.

ಅವರ ಹೆಸರು ಶಿವಬಸಪ್ಪ. ಆಗ ಅವರಿಗೆ ಅರವತ್ತಾರು. ಮಂಡಿ ಮೊಹಲ್ಲಾದಲ್ಲಿ ಮೂರು ತಲೆಮಾರಿನಿಂದ ಬೆಲ್ಲದ ಸಗಟು ವ್ಯಾಪಾರ ನಡೆಸಿದ ಮನೆತನ. ಇವರೊಬ್ಬರು ಮಾತ್ರ ಮಂಡಿಯಲ್ಲಿ ಕೂರದೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದರು. ಸಂಜೆಗಳನ್ನೆಲ್ಲ ಶಾಸ್ತ್ರಿಗಳಿಗೆ ಕೊಟ್ಟಿದ್ದರು. ಶಾಸ್ತ್ರಿಗಳು ಅರಮನೆಯ ವಿದ್ವಾಂಸರ ಮನೆಯಿಂದ ಬಂದ ಗಾಯಕರು. ಅವರ ಬೆನ್ನ ಹಿಂದೆ ಕೂತು ಶಿವಬಸಪ್ಪ ಮೂವತ್ತೊಂದು ವರ್ಷ ತಂಬೂರಿ ಹಿಡಿದಿದ್ದರು.

ಶಾಸ್ತ್ರಿಗಳು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹೊಸ ಗಾಯಕರು ಟಿಫಿನ್ ಡಬ್ಬಿಯಷ್ಟು ದೊಡ್ಡ ಎಲೆಕ್ಟ್ರಾನಿಕ್ ತಂಬೂರಿಯನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಇವರನ್ನು ಯಾರೂ ಕರೆಯುತ್ತಿರಲಿಲ್ಲ. ಹದಿನಾಲ್ಕು ಜನರಿದ್ದ ಮನೆ. ದಿನಕ್ಕೊಂದು ಗಂಟೆ ಮಹಡಿಯ ಕೋಣೆಯಲ್ಲಿ ಒಬ್ಬರೇ ಕೂತು ತಂಬೂರಿ ಮೀಟಿ, ಮತ್ತೆ ಅದಕ್ಕೆ ಗವಸು ಹಾಕಿಡುತ್ತಿದ್ದರು. ಏನು ನುಡಿಸಿದಿರಿ ಎಂದು ಮನೆಯವರು ಕೇಳುತ್ತಿರಲಿಲ್ಲ. ಕೇಳುವಂಥದ್ದೇನೂ ತಂಬೂರಿಯಲ್ಲಿ ಇರುವುದೂ ಇಲ್ಲವಲ್ಲ.

ಹೀಗಿರುವಾಗ ಹಾಲೆಂಡಿನಿಂದ ಒಂದು ಕಾಗದ ಬಂತು. ಬರೆದವರು ಮರೈಕೆ ಎಂಬ ಹಿರಿಯ ಮಹಿಳೆ. ಟೇಪಿನ ಮೇಲೆ ಹಿಡಿದ ಸದ್ದುಗಳನ್ನು ಕತ್ತರಿಸಿ ಅಂಟಿಸಿ ಸಂಗೀತ ಮಾಡುವವರು. ಇಪ್ಪತ್ತೈದು ವರ್ಷದ ಹಿಂದೆ ಮೈಸೂರಿಗೆ ಬಂದು ಶಾಸ್ತ್ರಿಗಳ ಮನೆಯಲ್ಲಿ ಒಂದಿಡೀ ದಿನ ಕಳೆದಿದ್ದರಂತೆ. ಅವರ ಊರಿನಲ್ಲೇ ಹೆಂಕ್ ಎಂಬ ಆರ್ಗನ್ ವಾದಕರಿದ್ದರು. ಎರಡು ಮೂರು ಸ್ವರಗಳನ್ನೇ ಹಿಡಿದುಕೊಂಡು ಗಂಟೆಗಟ್ಟಲೆ ಕೂರುವ ಸಂಗೀತದಲ್ಲಿ ನಲವತ್ತು ವರ್ಷ ಕಳೆದವರು. ಇಬ್ಬರೂ ಬಹಳ ಕಾಲದ ನಂತರ ಒಟ್ಟಿಗೆ ನುಡಿಸಲು ಒಪ್ಪಿದ್ದರು. ಮೂರನೆಯದಾಗಿ ತಂಬೂರಿ ಬೇಕಿತ್ತು. ಶಿವಬಸಪ್ಪನವರಿಗೆ ಇಂಗ್ಲಿಷ್ ಬಾರದ ಕಾರಣ ದುಭಾಷಿಯೊಬ್ಬರಿಗೂ ಟಿಕೆಟ್ ಕಳಿಸುವುದಾಗಿ ಬರೆದಿದ್ದರು.

ಕಾಗದ ಹಿಡಿದುಕೊಂಡು ಅವರು ನೇರವಾಗಿ ಪತ್ರಿಕೆಯ ಆಫೀಸಿಗೆ, ನನ್ನ ಮೇಜಿನ ಬಳಿಗೆ ಬಂದರು. ಇಂಗ್ಲಿಷ್ ಬಲ್ಲವರು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ, ನಾನೇ ಯಾಕೆ ಎಂದು ಕೇಳಿದೆ.

“ನಿಮ್ ಪೇಪರಲ್ಲಿ ನನ್ ಹೆಸ್ರು ಒಂದೇ ಒಂದ್ಸಲ ಬಂದಿತ್ತು ಸ್ವಾಮಿ. ಶಿವಲಿಂಗಪ್ಪ ಅಂತ. ನಿಮ್ಗೆ ಒಂದು ಋಣ ಐತೆ ಅಂದ್ಕೊಳಿ.”

ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ಶಾಸ್ತ್ರಿಗಳ ಕಛೇರಿಗಳ ವರದಿ ಬರೆಯುತ್ತಿದ್ದವನು ನಾನೇ. ಪಕ್ಕವಾದ್ಯದವರ ಹೆಸರಿನ ನಂತರ, ಕಟ್ಟಕಡೆಯ ಸಾಲಿನಲ್ಲಿ ತಂಬೂರಿಯವರ ಹೆಸರು ಹಾಕುತ್ತಿದ್ದೆ. ಜಾಗ ಸಾಲದಿದ್ದಾಗ ಡೆಸ್ಕಿನವರು ಕತ್ತರಿ ಹಾಕುವುದು ಕೊನೆಯ ಸಾಲಿಗೆ. ನಮ್ಮ ಪತ್ರಿಕೆಯಲ್ಲಿ ಜಾಗ ಯಾವತ್ತೂ ಸಾಲುತ್ತಿರಲಿಲ್ಲ.

ಅವರಿಗೆ ಪರದೇಶ ನೋಡುವ ಆಸೆ ಇರಲಿಲ್ಲ. ಬೇಕಾಗಿದ್ದದ್ದು ಒಂದೇ. ಶಾಸ್ತ್ರಿಗಳು ತಮ್ಮ ಹಾಡನ್ನು ಯಾವ ಯಂತ್ರಕ್ಕೂ ಕೊಟ್ಟವರಲ್ಲ. ರೇಡಿಯೋದವರು ಮನೆಗೆ ಬಂದು ಕೇಳಿದರೂ ಹೋಗಿರಲಿಲ್ಲ. ಅವರ ದನಿ ಎಲ್ಲೂ ಉಳಿದಿರಲಿಲ್ಲ.

“ಆವಮ್ಮ ಪೆಟ್ಟಿಗೆ ತಂದು ಅವ್ರ ಮುಂದೆ ಇಟ್ಟಿದ್ಲು. ಚಕ್ರ ತಿರುಗ್ತಿತ್ತು, ನಾನೇ ಕಂಡಿದೀನಿ. ಅವ್ರ ದನಿ ಭೂಮಿ ಮೇಲೆ ಎಲ್ಲಾದ್ರೂ ಇದ್ರೆ ಅಲ್ಲೇ ಇರ್ಬೇಕು. ಒಂದ್ಸಲ ಕೇಳ್ಕೊಂಡು ಬಂದ್ಬುಡ್ತೀನಿ” ಎಂದರು.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ತಂಬೂರಿಗೆ ಮಂಡಿ ಮೊಹಲ್ಲಾದ ಬಡಗಿ ಉದ್ದನೆಯ ಪೆಟ್ಟಿಗೆ ಮಾಡಿಕೊಟ್ಟಿದ್ದ. ಒಳಗೆ ಹಾಸಿಗೆ ಅಂಗಡಿಯ ಹತ್ತಿ. ನೋಡಿದವರಿಗೆ ಶವಪೆಟ್ಟಿಗೆಯ ನೆನಪಾಗುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಜನ ದಾರಿ ಬಿಟ್ಟು ಸರಿದು ನಿಂತರು.

ಸುಂಕದ ಅಧಿಕಾರಿಗೆ ತಂಬೂರಿಯ ಮೇಲೆ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ವಿಭೂತಿ ಗಟ್ಟಿಯ ಮೇಲೆ. ಬಿಳಿ ಗಟ್ಟಿಗಳು, ಆರು, ಕಾಗದದಲ್ಲಿ ಸುತ್ತಿದವು. ಅದು ಬೂದಿ ಎಂದು ನಾನು ಹೇಳಿದೆ. ಯಾರ ಬೂದಿ ಎಂದು ಆತ ಕೇಳಿದ. ಒಂದು ಗಟ್ಟಿಯನ್ನು ಪರೀಕ್ಷೆಗೆ ಒಳಗೆ ಕಳಿಸಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಶಿವಬಸಪ್ಪ ಕೊರಳಿನ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಎದುರಿನ ಗೋಡೆ ನೋಡುತ್ತಾ ಕೂತಿದ್ದರು. ಅದರೊಳಗೆ ಅವರ ಇಷ್ಟಲಿಂಗವಿತ್ತು. ಅದನ್ನೂ ತೆರೆಸಿಬಿಟ್ಟರೆ ಎಂಬುದು ಅವರ ಭಯ. ಯಾರೂ ಕೇಳಲಿಲ್ಲ. ಗಟ್ಟಿಯನ್ನು ವಾಪಸು ತಂದ ಅಧಿಕಾರಿ ಅದನ್ನು ಏನು ಮಾಡುತ್ತೀರಿ ಎಂದು ವಿಚಾರಿಸಿದ. ಇವರು ಹಣೆಗೆ ಮೂರು ಬೆರಳು ಎಳೆದು ತೋರಿಸಿದರು. ಆತ ತಲೆದೂಗಿ, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿಕೊಟ್ಟ.

ಡೆವೆಂಟರ್, ಮಂಗಳವಾರ ಮತ್ತು ಬುಧವಾರ

ಡೆವೆಂಟರ್ ನದಿಯ ದಂಡೆಯ ಹಳೆಯ ಊರು. ಇಟ್ಟಿಗೆಯ ಮನೆಗಳು, ಸೈಕಲ್ಲುಗಳು, ಒದ್ದೆ ಕಲ್ಲಿನ ರಸ್ತೆಗಳು. ಸಂಜೆ ಐದಕ್ಕೆಲ್ಲ ಕತ್ತಲು, ಆರಕ್ಕೆ ಬೀದಿ ಖಾಲಿ.

ಆ ಜನ ಕಿಟಕಿಗೆ ಪರದೆ ಎಳೆಯುವುದಿಲ್ಲ. ದೊಡ್ಡ ದೊಡ್ಡ ಗಾಜಿನ ಹಿಂದೆ, ದೀಪದ ಬೆಳಕಿನಲ್ಲಿ ಊಟ ಮಾಡುತ್ತಾರೆ, ಪುಸ್ತಕ ಓದುತ್ತಾರೆ, ಇಸ್ತ್ರಿ ಹಾಕುತ್ತಾರೆ. ನಾವಿಬ್ಬರೂ ಕಾಲುದಾರಿಯಲ್ಲಿ ನಡೆಯುತ್ತಾ ಒಂದರ ನಂತರ ಒಂದು ಮನೆಯನ್ನು ನೋಡಿದೆವು. ಒಬ್ಬರೂ ಹೊರಗೆ ನೋಡಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಹೊಸಬ ಕಾಲಿಟ್ಟರೆ ನಾಲ್ಕು ಬಾಗಿಲಿನಿಂದ ಯಾರು ಬೇಕಾಗಿತ್ತು ಎಂಬ ಪ್ರಶ್ನೆ ಬರುತ್ತದೆ. ಎಲ್ಲಾ ತೆರೆದಿಟ್ಟವ್ರೆ, ಒಬ್ರೂ ಕರೆಯಾಕಿಲ್ಲ ಎಂದು ಶಿವಬಸಪ್ಪ ಹೇಳಿದರು. ಮಾರನೆಯ ಸಂಜೆ ಅವರು ತಿರುಗಾಡಲು ಬರಲಿಲ್ಲ.

ಹೋಟೆಲಿನಲ್ಲಿ ಒಂದು ಪ್ರಸಂಗವಾಯಿತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅವರು ತಂಬೂರಿಗೆ ಕೂರುತ್ತಿದ್ದರು. ಚಳಿಗೆ, ಒಳಗಿನ ಹೀಟರಿನ ಒಣ ಶಾಖಕ್ಕೆ ಶ್ರುತಿ ನಿಲ್ಲುತ್ತಿರಲಿಲ್ಲ; ಸರಿಮಾಡುತ್ತಲೇ ಇರಬೇಕಿತ್ತು. ಬುಧವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಉಪಕರಣಗಳ ಪೆಟ್ಟಿಗೆ ಹಿಡಿದ ಕೊಳಾಯಿ ರಿಪೇರಿಯವ. ಕೆಳಗಿನ ಕೋಣೆಯವರಿಗೆ ಹೀಟರಿನ ಕೊಳವೆ ಗುಂಯ್‌ಗುಡುವುದು ಕೇಳಿಸುತ್ತಿದೆಯಂತೆ. ಆತ ಮಂಡಿಯೂರಿ ಕೊಳವೆಗೆ ಕಿವಿ ಹಚ್ಚಿದ. ಶಿವಬಸಪ್ಪ ಕಣ್ಣು ಮುಚ್ಚಿದ್ದವರು ಮೀಟುತ್ತಲೇ ಇದ್ದರು. ಆತ ಎದ್ದು, ತಂಬೂರಿಯನ್ನು ನೋಡಿ, ಹಾಸಿಗೆಯ ತುದಿಯಲ್ಲಿ ಹತ್ತು ನಿಮಿಷ ಕೂತಿದ್ದು ಹೋದ. ನಾನು ಹೇಳಿದಾಗಲೇ ಇವರಿಗೆ ಒಬ್ಬರು ಬಂದಿದ್ದು ಗೊತ್ತಾದದ್ದು.

ಮರೈಕೆಯ ಮನೆ, ಗುರುವಾರ

ಮರೈಕೆಗೆ ಎಪ್ಪತ್ತಿರಬಹುದು. ಎತ್ತರದ ಹೆಂಗಸು, ಗಂಡಸರ ಶೂ. ಒಂಟಿ ವಾಸ. ಮನೆಯ ತುಂಬ ಟೇಪಿನ ಸುರುಳಿಗಳು, ಪುಸ್ತಕಗಳಂತೆ ನಿಲ್ಲಿಸಿದವು. ಆ ದೇಶದ ಪದ್ಧತಿಯಂತೆ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆರೆದು, ಒಬ್ಬೊಬ್ಬರೂ ಒಂದು ತೆಗೆದುಕೊಂಡ ಮೇಲೆ ಮುಚ್ಚಳ ಹಾಕಿದರು. ಡಬ್ಬಿ ತುಂಬ ಬಿಸ್ಕತ್ತಿದ್ದವು. ಶಿವಬಸಪ್ಪ ನನ್ನ ಮುಖ ನೋಡಿದರು.

ಅವರು ಬಂದ ಕಾರಣವನ್ನು ನಾನು ತಿಳಿಸಿದೆ. ಮರೈಕೆಯ ಮುಖ ಅರಳಿತು. ಅದೇ ಟೇಪು ಈ ಕಾರ್ಯಕ್ರಮದ ತಳಹದಿ ಎಂದು ಒಂದು ಸುರುಳಿಯನ್ನು ಯಂತ್ರಕ್ಕೆ ಹಾಕಿದರು. ಶಿವಬಸಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತರು.

ತಂಬೂರಿ ಕೇಳಿಸಿತು. ಎರಡು ನಿಮಿಷ, ಐದು ನಿಮಿಷ. ಹಾಡು ಶುರುವಾಗಲಿಲ್ಲ. ಹತ್ತನೆಯ ನಿಮಿಷಕ್ಕೆ ಅವರು ಕಣ್ಣು ತೆರೆದು, ಶಾಸ್ತ್ರಿಗಳು ಎಲ್ಲಿ ಎಂದು ಕೇಳುವಂತೆ ನನ್ನತ್ತ ಕೈ ತಿರುಗಿಸಿದರು. ನಾನು ಮರೈಕೆಯನ್ನು ಕೇಳಿದೆ.

ಮರೈಕೆ ನಡೆದದ್ದನ್ನು ಹೇಳಿದರು. ಬೆಳಿಗ್ಗೆ ಶಾಸ್ತ್ರಿಗಳ ಮುಂದೆ ಯಂತ್ರವಿಟ್ಟು ಚಾಲೂ ಮಾಡಿದ್ದು ನಿಜ. ಒಂದು ಸಾಲು ಹಾಡಿದವರೇ ಅವರು ಬೆರಳಾಡಿಸಿ ಬೇಡವೆಂದರು. ನಿಲ್ಲಿಸಿದೆ. ಮಧ್ಯಾಹ್ನ ಅವರು ಊಟ ಮಾಡಿ ಮಲಗಲು ಹೋಗುವಾಗ, ಬೇಕಿದ್ದರೆ ತಂಬೂರಿಯ ಸದ್ದನ್ನು ಹಿಡಿದುಕೋ ಎಂದು ನನಗೆ ಸನ್ನೆ ಮಾಡಿ, ಶಿವಬಸಪ್ಪನವರನ್ನು ಕೂರಿಸಿ ಹೋದರು. ಆಗ ಟೇಪು ಸಿಗುವುದು ಕಷ್ಟ. ಸುರುಳಿಯನ್ನು ಹಿಂದಕ್ಕೆ ಸುತ್ತಿ ಅದರ ಮೇಲೆಯೇ ತಂಬೂರಿಯನ್ನು ತುಂಬಿಕೊಂಡೆ ಎಂದರು.

ಆ ಒಂದು ಸಾಲೂ ಹೋಯಿತು ಎಂಬುದನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಹಾಡುವಾಗ ಶಾಸ್ತ್ರಿಗಳು ಬೆರಳಾಡಿಸಿದ್ದನ್ನು ಇವರು ಕಂಡಿರಲು ಸಾಧ್ಯವಿರಲಿಲ್ಲ. ಮೀಟಲು ಶುರು ಮಾಡಿದ ಮೇಲೆ ಇವರ ಕಣ್ಣು ಮುಚ್ಚಿಯೇ ಇರುತ್ತದೆ.

ಶಿವಬಸಪ್ಪ ಯಂತ್ರದ ಚಕ್ರ ನೋಡಿದರು.

“ಇದು ನಾನೇ. ನನ್ನ ನಾನೇ ಕೇಳಾಕೆ ಇಷ್ಟು ದೂರ ಬರ್ಬೇಕಿತ್ತಾ? ನಿಲ್ಸಕ್ಕೆ ಹೇಳಿ ಸ್ವಾಮಿ.”

ಮರೈಕೆ ನಿಲ್ಲಿಸಿದರು. ಟೇಪಿನಲ್ಲಿ ಬೇರೆ ಏನಾದರೂ ಇದೆಯೇ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಸುಮಾರು ಒಂದೂವರೆ ಗಂಟೆ ಬರೀ ತಂಬೂರಿ, ಕೊನೆಯಲ್ಲಿ ಮನೆಯವರ ಗದ್ದಲ. ಆ ಕೊನೆಯ ಭಾಗವನ್ನು ಎಂದೂ ಬಳಸಿಲ್ಲ ಎಂದರು. ಮೂಲ ದಾಖಲೆಯನ್ನು ಕಡೆಯ ಪುಟದವರೆಗೆ ನೋಡಬೇಕೆಂದು ಹೊಸ ವರದಿಗಾರರಿಗೆ ಪಾಠ ಹೇಳುವವನು ನಾನು. ಅವತ್ತು ಬರೆದುಕೊಂಡು ಹೊರಟುಬಿಟ್ಟೆ.

ಹೋಟೆಲಿನಲ್ಲಿ ಅವರು ಊಟ ಬೇಡವೆಂದರು. ಮನೆಗೆ ಫೋನ್ ಮಾಡಿಸಲೇ ಎಂದು ಕೇಳಿದ್ದಕ್ಕೆ, ಮಾಡಿ ಏನಂತ ಹೇಳಲಿ ಎಂದರು.

ಹಳೆಯ ಚರ್ಚ್, ಶನಿವಾರ

ಅವರು ನುಡಿಸುವುದಿಲ್ಲ ಎನ್ನಬಹುದೆಂದುಕೊಂಡಿದ್ದೆ. ಹೇಳಲಿಲ್ಲ. ಒಪ್ಪಿಕೊಂಡು ಬಂದಾಗಿದೆ ಎಂದಷ್ಟೇ ಹೇಳಿ ತಂಬೂರಿ ಎತ್ತಿಕೊಂಡರು.

ಪೂಜೆ ನಿಂತುಹೋದ ಚರ್ಚ್ ಅದು. ಈಗ ಸಂಗೀತಕ್ಕೆ ಬಿಟ್ಟಿದ್ದಾರೆ. ಹೆಂಕ್ ಎಪ್ಪತ್ತಾರರ ಸಣ್ಣ ಆಳು, ಕೈ ತುಸು ನಡುಗುತ್ತಿತ್ತು. ಬೀರುವಿನಷ್ಟು ದೊಡ್ಡ ಆರ್ಗನ್ ಮುಂದೆ ಕೂತಿದ್ದರು. ಅಭ್ಯಾಸವೆಂದರೆ ಎರಡೂವರೆ ಗಂಟೆ ಬರೀ ಶ್ರುತಿ ಸೇರಿಸುವುದು. ಆರ್ಗನ್ ತನ್ನ ಶ್ರುತಿ ಬಿಟ್ಟು ಕದಲುವುದಿಲ್ಲ, ಆದ್ದರಿಂದ ಟೇಪಿನ ವೇಗವನ್ನೂ ತಂಬೂರಿಯ ತಂತಿಯನ್ನೂ ಅದಕ್ಕೆ ಹೊಂದಿಸಬೇಕಿತ್ತು. ಶಿವಬಸಪ್ಪ ತಂತಿಯ ಕೆಳಗಿನ ನೂಲಿನ ಎಳೆಯನ್ನು ಕೂದಲಿನಷ್ಟು ಸರಿಸಿ ತಲೆ ಅಲ್ಲಾಡಿಸುವರು; ಅಲ್ಲಿಂದ ಹೆಂಕ್ ಅದೇ ಕ್ಷಣಕ್ಕೆ ತಲೆ ಅಲ್ಲಾಡಿಸುವರು. ನನ್ನ ದುಭಾಷಿ ಕೆಲಸ ಅಲ್ಲಿ ಬೇಕಾಗಲಿಲ್ಲ.

ತೊಂದರೆಯಾದದ್ದು ಕೂರುವುದರಲ್ಲಿ. ಇವರು ಜಮಖಾನೆಯನ್ನು ಹೆಂಕ್ ಬೆನ್ನ ಹಿಂದೆ ಹಾಸಿಕೊಂಡರು. ಹೆಂಕ್‌ಗೆ ತಂಬೂರಿಯ ಕೈ ಕಾಣಬೇಕು. ಅವರು ಕುರ್ಚಿ ತಿರುಗಿಸಿದರು. ಇವರು ಮತ್ತೆ ಅವರ ಬೆನ್ನ ಹಿಂದಕ್ಕೆ ಸರಿದರು. ಎರಡು ಸಲ ಹೀಗಾದ ಮೇಲೆ ನಾನು ನಡುವೆ ಹೋಗಿ ಪಕ್ಕದಲ್ಲಿ ಕೂರಿಸಿದೆ.

ಕೊನೆಯಲ್ಲಿ ಹೆಂಕ್, ಶಿವಬಸಪ್ಪನವರಿಗೆ ಒಂದು ಮಾತು ತಿಳಿಸಿ ಎಂದು ನನಗೆ ಹೇಳಿದರು. ಸುಮಾರು ಒಂದು ಗಂಟೆ ನುಡಿಸೋಣ. ಮುಗಿಸುವುದು ನಿಮ್ಮ ಕೈಯಲ್ಲಿದೆ, ನಿಮ್ಮ ಕೈ ನಿಂತಾಗ ನಾನು ನಿಲ್ಲಿಸುತ್ತೇನೆ. ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಶಿವಬಸಪ್ಪ ಕೈ ಮುಗಿದು, ಆಗಲಿ ಎಂದರು.

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಜನ ಅರವತ್ತರಷ್ಟಿದ್ದರು. ಹೆಚ್ಚಿನವರು ವಯಸ್ಸಾದವರು, ಕೋಟು ಬಿಚ್ಚಿರಲಿಲ್ಲ. ಟೇಪಿನ ತಂಬೂರಿ ಮೊದಲು, ಅದರೊಳಗೆ ಶಿವಬಸಪ್ಪನವರ ತಂಬೂರಿ, ಆಮೇಲೆ ಎಲ್ಲಿಂದ ಬಂತೆಂದು ತಿಳಿಯದಂತೆ ಆರ್ಗನ್. ಇದು ಸಂಗೀತವೇ ಎಂದು ಓದುಗರು ಕೇಳಬಹುದು. ಮಂಡಿ ಮೊಹಲ್ಲಾದ ಆ ಮಹಡಿ ಕೋಣೆಯ ಒಂದು ಗಂಟೆಯನ್ನು ಅರವತ್ತು ಜನ ಕೂತು ಕೇಳಿದರು ಎಂದು ಹೇಳಬಲ್ಲೆ.

ನಾಲ್ಕು ಗಂಟೆಯಾಯಿತು. ಹೆಂಕ್ ತಂಬೂರಿಯ ಕೈ ನೋಡಿದರು. ಕೈ ನಡೆಯುತ್ತಿತ್ತು. ನಾಲ್ಕೂ ಹತ್ತಕ್ಕೆ ಮತ್ತೆ ನೋಡಿದರು.

ಆಗ ನನಗೆ ತಿಳಿಯಿತು. ಮೂವತ್ತೊಂದು ವರ್ಷದಲ್ಲಿ ಶಿವಬಸಪ್ಪ ಒಮ್ಮೆಯೂ ಮೊದಲು ನಿಲ್ಲಿಸಿದವರಲ್ಲ. ಗಾಯಕ ಉಸಿರು ತೆಗೆದುಕೊಳ್ಳಲಿ, ನೀರು ಕುಡಿಯಲಿ, ಸಭೆಯೊಡನೆ ಮಾತಾಡಲಿ, ತಂಬೂರಿ ನಡೆಯುತ್ತಿರಬೇಕು. ಮುಂದೆ ಕೂತವರು ಮುಗಿಸಿದ ಮೇಲೆಯೇ ಅದು ನಿಲ್ಲಬೇಕು. ಹೆಂಕ್ ಹೇಳಿದ್ದನ್ನು ಅವರು ಹಿರಿಯರು ಮರ್ಯಾದೆಗೆ ಆಡುವ ಮಾತೆಂದು ತಿಳಿದು ಕೈ ಮುಗಿದಿದ್ದರು. ನಾನು ಅಕ್ಷರವನ್ನು ದಾಟಿಸಿದ್ದೆ, ಅಷ್ಟೇ.

ನಾಲ್ಕೂ ಹದಿನೈದಕ್ಕೆ ಇಬ್ಬರು ಎದ್ದು ಹೋದರು. ನಾಲ್ಕೂ ಇಪ್ಪತ್ತಕ್ಕೆ ಒಂದು ಇಡೀ ಸಾಲು. ಕಾವಲುಗಾರ ಬೀಗದ ಕೈ ಹಿಡಿದು ಕಂಬದ ಬಳಿ ಬಂದು ನಿಂತ. ಹೆಂಕ್ ಎಡಗೈಯ ನಡುಕ ಮೊಣಕೈವರೆಗೆ ಏರಿತ್ತು. ಆದರೆ ಬೆರಳು ಎತ್ತಲಿಲ್ಲ. ಕೊಟ್ಟ ಮಾತು ಮುರಿಯುವವರಲ್ಲ ಅವರು. ಮೊದಲೇ ಮಾತಾಡಿಕೊಂಡಂತೆ ಅರ್ಧದಲ್ಲಿ ಟೇಪನ್ನು ತಗ್ಗಿಸಬೇಕಿದ್ದ ಮರೈಕೆ, ಇಬ್ಬರನ್ನೂ ನೋಡುತ್ತಾ ಅದನ್ನು ಓಡಲು ಬಿಟ್ಟಿದ್ದರು. ಶಿವಬಸಪ್ಪನವರ ಕಣ್ಣು ಮುಚ್ಚಿತ್ತು. ಸಭೆ ಖಾಲಿಯಾಗುತ್ತಿರುವುದು ಅವರಿಗೆ ತಿಳಿಯದು.

ವೇದಿಕೆ ಹತ್ತುವುದು ವರದಿಗಾರನ ಕೆಲಸವಲ್ಲ. ನಾಲ್ಕೂ ಇಪ್ಪತ್ತೈದರವರೆಗೆ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದೆ. ಆಮೇಲೆ ಎದ್ದೆ. ನಡು ದಾರಿಯಲ್ಲಿದ್ದಾಗ ಟೇಪಿನೊಳಗೆ ಬಾಗಿಲು ಕಿರುಗುಟ್ಟಿತು. ಲೋಟ ತಟ್ಟೆಯ ಸದ್ದು. ಒಂದು ಕೆಮ್ಮು. ಅನಂತರ, ಚರ್ಚಿನ ಎರಡೂ ಬದಿಯ ಸ್ಪೀಕರುಗಳಿಂದ, ಕನ್ನಡದಲ್ಲಿ:

“ಏನಯ್ಯ ಬಸಪ್ಪ, ಇನ್ನೂ ಮೀಟ್ತಾನೇ ಇದ್ದೀಯಾ? ಸಾಕು, ಏಳಯ್ಯ. ಕಾಫಿ ಆರಿಹೋಗತ್ತೆ.”

ಟೇಪಿನ ತಂಬೂರಿ ನಿಂತಿತು. ಶಿವಬಸಪ್ಪನವರ ಕೈ ನಿಂತಿತು. ಹೆಂಕ್ ಬೆರಳೆತ್ತಿದರು.

ಉಳಿದವರು ಹನ್ನೊಂದು ಜನ. ಕಾವಲುಗಾರನನ್ನೂ ಸೇರಿಸಿ ಎಣಿಸಿದ್ದೇನೆ. ಅವರು ಚಪ್ಪಾಳೆ ತಟ್ಟಲು ಬಹಳ ಹೊತ್ತು ತೆಗೆದುಕೊಂಡರು. ಶಿವಬಸಪ್ಪ ಕಣ್ಣು ತೆರೆದರು, ಆದರೆ ಸಭೆಯನ್ನು ನೋಡಲಿಲ್ಲ. ಹಿಂದಕ್ಕೆ ತಿರುಗಿ ಚರ್ಚಿನ ಹಿಂಬಾಗಿಲ ಕಡೆ ನೋಡಿದರು.

ಆ ಗಂಡಸು ಏನೆಂದ ಎಂದು ಮರೈಕೆ ನನ್ನನ್ನು ಕೇಳಿದರು. ಹೇಳಿದೆ. ಅವರು ಯಂತ್ರದ ಪಕ್ಕದ ಕುರ್ಚಿಯ ಮೇಲೆ ಕೂತರು. ಇಪ್ಪತ್ತೈದು ವರ್ಷದಿಂದ ಅದನ್ನು ಗದ್ದಲವೆಂದು ಬಿಟ್ಟಿದ್ದರು. ಹೆಂಕ್ ಕೈ ನೀವಿಕೊಳ್ಳುತ್ತಾ, ಮುಕ್ತಾಯ ಬಹಳ ಚೆನ್ನಾಗಿತ್ತು, ಯಾರು ಯೋಚಿಸಿದ್ದು ಎಂದು ಕೇಳಿದರು. ಅದನ್ನು ನಾನು ಭಾಷಾಂತರಿಸಲಿಲ್ಲ.

ಸಂಜೆ ಹೋಟೆಲಿನ ಫ್ಯಾಕ್ಸಿನಿಂದ ಪತ್ರಿಕೆಗೆ ವರದಿ ಕಳಿಸಿದೆ. ಮೊದಲ ಸಾಲಿನ ಮೊದಲ ಪದವಾಗಿ ಅವರ ಹೆಸರು ಬರೆದೆ. ಎರಡು ಸಲ ಓದಿ ನೋಡಿದೆ.

ಸೋಮವಾರ

ಬೆಳಿಗ್ಗೆ ಹತ್ತರ ರೈಲಿಗೆ ಹೊರಡಬೇಕಿತ್ತು. ಎಂಟಕ್ಕೆ ಮರೈಕೆಯ ಮನೆಗೆ ಹೋದೆವು. ಆ ಕೊನೆಯ ತುಂಡನ್ನು ಕ್ಯಾಸೆಟ್ಟಿಗೆ ಹಾಕಿಕೊಡುತ್ತೇನೆ, ಎರಡು ನಿಮಿಷದ ಕೆಲಸ ಎಂದರು. ನಾನು ಶಿವಬಸಪ್ಪನವರಿಗೆ ತಿಳಿಸಿದೆ. ಅವರು ಒಪ್ಪಲಿಲ್ಲ.

“ಪೂರ್ತಿ ಇರ್ಲಿ. ನಾನು ಮೀಟಿದ್ದೂ ಇರ್ಲಿ. ಬರೀ ಮಾತಿದ್ರೆ ಅವ್ರು ಯಾರ್ನ ಕರೆದ್ರು ಅಂತ ಎಂಗೆ ಗೊತ್ತಾಗ್ಬೇಕು?”

ಟೇಪು ಇಳಿಸಲು ಅದು ಓಡುವಷ್ಟೇ ಹೊತ್ತು ಹಿಡಿಯುತ್ತದೆ. ಆ ರೈಲು ತಪ್ಪಿತು. ಮೂವರೂ ಕೂತು ಒಂದೂವರೆ ಗಂಟೆ ಕೇಳಿದೆವು. ಅವರು ಈ ಸಲ ನಿಲ್ಲಿಸಿ ಎನ್ನಲಿಲ್ಲ. ಮರೈಕೆ ಕಾಫಿ ಕೊಟ್ಟರು, ಬಿಸ್ಕತ್ತಿನ ಡಬ್ಬಿ ತೆರೆದರು, ಮುಚ್ಚಲು ಮರೆತರು. ಹೊರಗೆ ಸೈಕಲ್ಲಿನವರು ಪರದೆಯಿಲ್ಲದ ಕಿಟಕಿಯ ಮುಂದೆ ಹಾದು ಹೋಗುತ್ತಿದ್ದರು. ಒಬ್ಬರೂ ಒಳಗೆ ನೋಡಲಿಲ್ಲ.

ಬಾಗಿಲು ಕಿರುಗುಟ್ಟಿತು, ಕೆಮ್ಮು ಕೇಳಿಸಿತು, ಶಾಸ್ತ್ರಿಗಳು ಕರೆದರು. ಅಲ್ಲಿಯವರೆಗೆ ಮುಟ್ಟದಿದ್ದ ಕಾಫಿಯನ್ನು ಶಿವಬಸಪ್ಪ ಎತ್ತಿಕೊಂಡು ಕುಡಿದರು.

ಬಿಸಿ ಮಾಡಿಸಲೇ ಎಂದು ಕೇಳಿದೆ.

“ಬ್ಯಾಡ ಬುಡಿ ಸ್ವಾಮಿ. ಅವತ್ತೂ ಹಿಂಗೇ ಆರೋಗಿತ್ತು.”